ಭಾನುವಾರದ ತಿರುಗುತಟ್ಟೆ

ನನಗೆ ಒಂದು ಗ್ರಾಮಫೋನಿನ ಮೇಲೆ ಹೊಟ್ಟೆಕಿಚ್ಚಿತ್ತು. ನಗಬೇಡಿ. ಮನುಷ್ಯನಿಗೆ ಇನ್ನೊಬ್ಬ ಮನುಷ್ಯನನ್ನು ಕಂಡರೆ ಹೊಟ್ಟೆ ಉರಿಯುವುದು ಲೋಕರೂಢಿ; ಮಾವನ ಅಂಗಡಿಯ ಮೂಲೆಯಲ್ಲಿ ಕೂತ ಪೆಟ್ಟಿಗೆಯನ್ನು ಕಂಡರೆ ಉರಿಯುವುದು ಸ್ವಲ್ಪ ಅತಿಯಾಯಿತು ಅಂತ ನನಗೂ ಗೊತ್ತಿತ್ತು. ಆದರೆ ಆಗ ನನಗೆ ಇಪ್ಪತ್ತಾರು ವರ್ಷ, ಮದುವೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ, ಬುದ್ಧಿ ಇನ್ನೂ ದಾರಿಯಲ್ಲಿತ್ತು.

ಅರವತ್ತರ ದಶಕದ ಶುರುವಿನ ಮಾತು. ನಾನು ಭದ್ರಾವತಿಯಲ್ಲಿ ಕಬ್ಬಿಣದ ಕೆಲಸದವನು, ಆದರೆ ಕಬ್ಬಿಣ ಮುಟ್ಟದವನು. ಕಾರ್ಖಾನೆಯಲ್ಲಿ ಯಾವುದಾದರೂ ಯಂತ್ರದ ಭಾಗ ಎರಕ ಹೊಯ್ಯಬೇಕಾದರೆ ಮೊದಲು ಅದರ ತದ್ರೂಪವನ್ನು ಮರದಲ್ಲಿ ಮಾಡಬೇಕು. ಅದನ್ನು ಮರಳಿನಲ್ಲಿ ಒತ್ತಿ, ಆ ಗುಳಿಗೆ ಕಾದ ಲೋಹ ಸುರಿಯುತ್ತಾರೆ. ಆ ಮರದ ಅಚ್ಚು ಮಾಡುವ ಬಡಗಿಗಳ ಗುಂಪಿನಲ್ಲಿ ನಾನೊಬ್ಬ. ಬಡಗಿ ಅಂದರೆ ನಮಗೆ ಸಿಟ್ಟು ಬರುತ್ತಿತ್ತು. ಬಾಗಿಲು ಕಿಟಕಿ ಮಾಡುವವನು ಬಡಗಿ, ನಾವು ಪ್ಯಾಟರ್ನಿನವರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ನಮ್ಮ ಮರ್ಯಾದೆ ಹೋಗುತ್ತಿತ್ತು.

ವಾರದಲ್ಲಿ ಆರು ದಿನ ಈ ಕೆಲಸ. ಏಳನೆಯ ದಿನ ಏನು ಮಾಡುತ್ತಿದ್ದೆ ಅಂದರೆ, ಇದೇ ಕೆಲಸ. ಕ್ವಾರ್ಟರ್ಸಿನ ಹಿತ್ತಲಲ್ಲಿ ತಗಡು ಹೊದಿಸಿದ ಒಂದು ಶೆಡ್ಡು ಕಟ್ಟಿಕೊಂಡಿದ್ದೆ. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಅದರೊಳಗೆ ಹೊಕ್ಕರೆ ಊಟಕ್ಕೆ ಕರೆದಾಗ ಹೊರಗೆ. ಮಂಚ, ಸ್ಟೂಲು, ಗೂಡು, ದೇವರ ಮಂಟಪ ಎಲ್ಲ ಅಲ್ಲಿಯೇ ಹುಟ್ಟಿದ್ದು. ಗರಗಸದ ಸದ್ದೇ ನನಗೆ ವಿಶ್ರಾಂತಿ.

ನನ್ನ ಹೆಂಡತಿ ಶಿವಮೊಗ್ಗದ ದರ್ಜಿಯ ಮಗಳು. ಭಾನುವಾರ ಬೆಳಿಗ್ಗೆ ಎಂಟರ ಬಸ್ಸಿಗೆ ಅವಳು ತವರಿಗೆ ಹೊರಡುತ್ತಿದ್ದಳು, ಸಂಜೆ ಆರಕ್ಕೆ ವಾಪಸು. ಹನ್ನೊಂದು ಹನ್ನೆರಡು ಮೈಲಿ ದೂರ, ದೊಡ್ಡ ಪ್ರಯಾಣವೇನಲ್ಲ. ನನ್ನ ಊಟ ಮುಚ್ಚಿಟ್ಟೇ ಹೋಗುತ್ತಿದ್ದಳು, ದೂರುವ ಹಾಗೇನೂ ಇರಲಿಲ್ಲ. ಆದರೆ ಸಂಜೆ ಬಸ್ಸಿನಿಂದ ಇಳಿಯುವಾಗ ಅವಳ ಮುಖ ನೋಡಬೇಕಿತ್ತು. ಏನೋ ಗುನುಗುತ್ತಾ, ಕಣ್ಣಲ್ಲಿ ನಗು ತುಂಬಿಕೊಂಡು ಇಳಿಯುತ್ತಿದ್ದಳು. ಸೋಮವಾರಕ್ಕೆ ಅರ್ಧ ನಗು ಇಳಿದಿರುತ್ತಿತ್ತು. ಬುಧವಾರದ ಹೊತ್ತಿಗೆ "ಊಟಕ್ಕೆ ಬನ್ನಿ", "ಬೆಲ್ಲ ಮುಗಿದಿದೆ" ಇಷ್ಟೇ ಮಾತು. ಶನಿವಾರ ಅದೂ ಇಲ್ಲ.

ಒಂದು ಸಲ ಅವಳನ್ನು ಕರೆತರಲು ನಾನೇ ಹೋಗಿದ್ದೆ. ಮನೆಯ ಮುಂದಿನ ಕೋಣೆಯೇ ಮಾವನ ಅಂಗಡಿ. ಅಲ್ಲಿ ಬಟ್ಟೆ ರಾಶಿಯ ಪಕ್ಕ ಗ್ರಾಮಫೋನು ಹಾಡುತ್ತಿತ್ತು, ಅವಳು ನೆಲದ ಮೇಲೆ ಕೂತು ಯಾರದೋ ಕೋಟಿಗೆ ಕಾಜಾ ಹಾಕುತ್ತಾ, ನನ್ನ ಎದುರು ಎಂದೂ ನಗದಷ್ಟು ಗಟ್ಟಿಯಾಗಿ ನಗುತ್ತಿದ್ದಳು. ನಾನು ಹೊಸ್ತಿಲು ದಾಟಿದ್ದೇ ಎದ್ದು ಸೆರಗು ಸರಿಮಾಡಿಕೊಂಡಳು. ಓಹೋ, ಇದು ಗ್ರಾಮಫೋನಿನ ಕೆಲಸ ಅಂತ ನನ್ನ ಮಂಡೆಗೆ ಹೊಳೆಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಸುಮ್ಮನೆ ಅನ್ನುವುದಿಲ್ಲ.

ನನ್ನ ಹೆದರಿಕೆ ಏನು ಅಂತ ನೇರವಾಗಿ ಹೇಳಿಬಿಡುತ್ತೇನೆ. ಈ ಹುಡುಗಿ ಭದ್ರಾವತಿಗೆ ಒಗ್ಗುವುದಿಲ್ಲ. ಸೈರನ್ನು, ಹೊಗೆ, ಸಾಲುಮನೆ, ಇವುಗಳ ನಡುವೆ ಒಣಗಿಹೋಗುತ್ತಾಳೆ. ಒಂದು ಭಾನುವಾರ ಸಂಜೆ ಆರರ ಬಸ್ಸು ಬರುತ್ತದೆ, ಅವಳು ಅದರಿಂದ ಇಳಿಯುವುದೇ ಇಲ್ಲ. ಈ ಹೆದರಿಕೆಯನ್ನು ಬಾಯಿಬಿಟ್ಟು ಅವಳಿಗೆ ಹೇಳುವುದು ಬಿಟ್ಟು ನಾನು ಮಾಡಿದ್ದೇನು? ಮರ ತೆಗೆದುಕೊಂಡೆ. ನನ್ನ ಮನೆಯಲ್ಲೇ ಹಾಡು ಹೊರಡಲಿ, ಆಮೇಲೆ ಇವಳು ಹೇಗೆ ಹೋಗುತ್ತಾಳೋ ನೋಡಿಯೇ ಬಿಡೋಣ ಅಂತ.

ನನ್ನ ಹತ್ತಿರ ಒಂದು ಹಳೆಯ ರೇಡಿಯೊ ಇತ್ತು. ಅದರ ಹಿಂಭಾಗದಲ್ಲಿ ಎರಡು ತೂತು. ರೆಕಾರ್ಡು ತಿರುಗಿಸುವ ಯಂತ್ರವೊಂದಿದ್ದರೆ ಅದರ ವೈರನ್ನು ಅಲ್ಲಿಗೆ ಸಿಕ್ಕಿಸಬಹುದು, ಹಾಡು ರೇಡಿಯೊದಿಂದ ಬರುತ್ತದೆ. ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೊ, ಫ್ಯಾನು, ಮೋಟರು ರಿಪೇರಿ ಮಾಡುವ ಸಾಹೇಬರೊಬ್ಬರಿದ್ದರು. ಒಂದು ಶನಿವಾರ ಅರ್ಧ ದಿನ ರಜೆ ಹಾಕಿ ಅವರ ಹತ್ತಿರ ಹೋದೆ.

"ಮೋಟರ್ ಐತೆ ಮೇಸ್ತ್ರಿ," ಅಂದರು. "ಸೂಜಿ ಹಿಡಿಯೋ ಕೈನೂ ಐತೆ. ಮ್ಯಾಲಿನ ತಟ್ಟೆ ಮಾತ್ರ ಇಲ್ಲ. ಎಲ್ಲಿ ಹೋಯ್ತೋ ಖುದಾನಿಗೇ ಗೊತ್ತು."

"ತಟ್ಟೆ ನಾನು ಮಾಡ್ಕೊಳ್ತೀನಿ."

"ಮರದಲ್ಲಾ?"

"ನಾವು ಮರದಲ್ಲಿ ಮಾಡಿದ್ಮೇಲೇ ಸಾಹೇಬ್ರೇ ಅದು ಕಬ್ಬಿಣ ಆಗೋದು."

ನನ್ನ ಜಂಬಕ್ಕೆ ಅವರು ನಕ್ಕರು. ಮೋಟರಿನ ಕಾಯಿಲ್ ಸುಟ್ಟಿದೆ, ಹೊಸದಾಗಿ ಸುತ್ತಿ ಕೊಡಲು ಮೂರು ವಾರ ಬೇಕು, ಅಷ್ಟರಲ್ಲಿ ಪೆಟ್ಟಿಗೆ ಮಾಡಿಕೋ ಅಂತ ಅಳತೆಗಳನ್ನು ಒಂದು ಬೀಡಿ ಕಟ್ಟಿನ ಕಾಗದದ ಹಿಂದೆ ಬರೆದುಕೊಟ್ಟರು. ಮೋಟರು ಕೂರುವ ತಗಡು ಇಷ್ಟುದ್ದ, ಇಷ್ಟಗಲ. ಪೆಟ್ಟಿಗೆಯ ಮೇಲಿನ ಕಿಂಡಿ ಅದಕ್ಕಿಂತ ಅರೆಕಾಲು ಇಂಚು ಚಿಕ್ಕದಿರಲಿ, ತಗಡಿನ ಅಂಚು ಮರದ ಮೇಲೆ ಕೂರಲಿ. ತಟ್ಟೆಯ ಒಳ ಅಂಚಿನ ಅಗಲ ಇಷ್ಟು. ಮೋಟರಿನ ರಬ್ಬರ್ ಚಕ್ರ ಆ ಅಂಚನ್ನು ಒತ್ತಿಕೊಂಡು ತಿರುಗಿದರೆ ತಟ್ಟೆ ತಿರುಗುತ್ತದೆ.

ಮೂರು ಭಾನುವಾರ ನಾನು ಶೆಡ್ಡಿನಿಂದ ತಲೆ ಎತ್ತಲಿಲ್ಲ. ಹಳೆಯ ತೇಗದ ಹಲಗೆಯಲ್ಲಿ ಪೆಟ್ಟಿಗೆ ಮಾಡಿದೆ. ಮೂಲೆಗಳಿಗೆ ಒಂದು ಮೊಳೆ ಇಲ್ಲ, ಹಲ್ಲಿಗೆ ಹಲ್ಲು ಕಚ್ಚಿಸಿ ಕೂರಿಸಿದ್ದು. ತಟ್ಟೆ ಕಡೆಯಲು ಮರವನ್ನು ಗಿರ್ರನೆ ತಿರುಗಿಸುವ ಲೇತು ಬೇಕಲ್ಲ. ಮಾವ ಕೊಟ್ಟ ಒಂದು ಹಳೆಯ ಹೊಲಿಗೆ ಯಂತ್ರದ ಕಾಲ್ತುಳಿ ಇತ್ತು, ಮೇಲಿನ ಯಂತ್ರ ಹಾಳಾಗಿತ್ತು. ಅದಕ್ಕೆ ಬೆಲ್ಟು ಹಾಕಿ ಚಿಕ್ಕ ಲೇತು ಮಾಡಿಕೊಂಡಿದ್ದೆ. ಕಾಲಲ್ಲಿ ತುಳಿಯುವುದು, ಕೈಯಲ್ಲಿ ಉಳಿ ಹಿಡಿಯುವುದು. ಪಕ್ಕದ ಮನೆಯ ತಮಿಳಮ್ಮ ಬೇಲಿಯಾಚೆಯಿಂದ ಇಣುಕಿ, "ಏನಪ್ಪಾ, ಮರದಲ್ಲಿ ದೋಸೆ ಕಲ್ಲು ಮಾಡ್ತೀಯಾ?" ಅಂತ ಕೇಳಿದಳು. ಹೆಂಡತಿಗೆ ನಾನು ಏನೂ ಹೇಳಿರಲಿಲ್ಲ. ಅವಳೂ ಕೇಳಲಿಲ್ಲ, ಮೂರು ಭಾನುವಾರವೂ ಎಂಟರ ಬಸ್ಸಿಗೆ ಹೋದಳು.

ಸಾಹೇಬರು ಹೇಳಿದ ದಿನಕ್ಕೇ ಮೋಟರು ಕೊಟ್ಟರು. ನಾಲ್ಕನೆಯ ಭಾನುವಾರ, ಅವಳು ಹೊರಡುವ ಮೊದಲೇ ಕೂರಿಸಿ ತೋರಿಸಿಬಿಡೋಣ ಅಂತ ಬೆಳಿಗ್ಗೆ ಆರೂವರೆಗೇ ಪೆಟ್ಟಿಗೆಯನ್ನು ನಡುಮನೆಗೆ ತಂದಿಟ್ಟೆ. ಅವಳನ್ನು ಕರೆದು ಎದುರಿಗೆ ನಿಲ್ಲಿಸಿದೆ. ಮೋಟರಿನ ತಗಡನ್ನು ಎರಡೂ ಕೈಯಲ್ಲಿ ಹಿಡಿದು, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಕಿಂಡಿಯ ಮೇಲಿಟ್ಟು ಕೈ ಬಿಟ್ಟೆ.

ದಡಕ್ಕನೆ ಒಳಗೆ ಬಿತ್ತು. ಅಂಚು ಒಂದು ಕಡೆಯೂ ಕಚ್ಚಲಿಲ್ಲ. ಕಿಂಡಿಯಲ್ಲಿ ಇಣುಕಿದರೆ ಪೆಟ್ಟಿಗೆಯ ತಳದಲ್ಲಿ ಮೋಟರು ಅಂಗಾತ ಮಲಗಿತ್ತು.

"ಆ ಸಾಹೇಬ್ರು ಅಳತೆ ತಪ್ಪು ಕೊಟ್ಟಿದ್ದಾರೆ!" ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೀಡಿ ಕಾಗದ ತೆಗೆದು ಬಡಿದು ತೋರಿಸಿದೆ. ನನ್ನ ಸ್ಕೇಲು ತಂದು ಕಿಂಡಿ ಅಳೆದೆ. ಕಾಗದದಲ್ಲಿ ಬರೆದಷ್ಟೇ ಇತ್ತು. "ನೋಡು, ನಂದು ಸರಿಯಾಗೇ ಇದೆ. ಅವರೇ ತಗಡನ್ನ ತಪ್ಪಾಗಿ ಅಳೆದಿದ್ದು."

ಅವಳು ಒಳಗೆ ಹೋಗಿ ಹೊಲಿಗೆಯ ಟೇಪು ತಂದಳು. ಕೂತು ಕಿಂಡಿಯನ್ನು ಅಳೆದಳು. ಮತ್ತೊಂದು ಸಲ ಅಳೆದಳು. ಆಮೇಲೆ ನನ್ನ ಸ್ಕೇಲನ್ನು ಕೈಗೆ ತೆಗೆದುಕೊಂಡು ಟೇಪಿನ ಪಕ್ಕಕ್ಕಿಟ್ಟು ನೋಡಿದಳು.

"ರೀ, ನಿಮ್ಮ ಅಡಿ ನಮ್ಮ ಅಡಿಗಿಂತ ಕಾಲು ಇಂಚು ಉದ್ದ ಇದೆ."

ಇಲ್ಲೊಂದು ಗುಟ್ಟು ಹೇಳಬೇಕು. ಕಾದ ಉಕ್ಕು ಆರಿದಾಗ ಕುಗ್ಗುತ್ತದೆ. ಆರಿದ ಮೇಲೆ ಸರಿಯಾದ ಅಳತೆಗೆ ಬರಬೇಕಾದರೆ ಮರದ ಅಚ್ಚನ್ನು ಸ್ವಲ್ಪ ದೊಡ್ಡದಾಗಿಯೇ ಮಾಡಬೇಕು, ಅಡಿಗೆ ಕಾಲು ಇಂಚಿನಷ್ಟು. ಪ್ರತಿ ಸಲ ಲೆಕ್ಕ ಹಾಕುವ ತಾಪತ್ರಯ ಬೇಡ ಅಂತ ನಮ್ಮ ಕೆಲಸದವರಿಗೆ ಬೇರೆಯೇ ಸ್ಕೇಲು. ನೋಡಲು ಮಾಮೂಲಿನಂತೆಯೇ ಇರುತ್ತದೆ, ಆದರೆ ಅದರ ಒಂದೊಂದು ಇಂಚೂ ಕೂದಲೆಳೆ ಉದ್ದ. ಕೆಲಸ ಕಲಿತು ಮುಗಿಸಿದ ವರ್ಷ ಹೆಮ್ಮೆಗೆ ಅಂತ ನಾನೇ ತೇಗದಲ್ಲಿ ಅಂಥದೊಂದು ಸ್ಕೇಲು ಮಾಡಿಕೊಂಡಿದ್ದೆ. ಆಮೇಲೆ ಮನೆಗೂ ಒಂದಿರಲಿ ಅಂತ ಇನ್ನೊಂದು ಮಾಡಿದೆ. ಅದನ್ನು ಯಾವುದನ್ನು ನೋಡಿ ಮಾಡಿದೆ? ಕೈಯಲ್ಲಿದ್ದ ಮೊದಲನೆಯದನ್ನು ನೋಡಿ! ಎರಡು ವರ್ಷದಿಂದ ನನ್ನ ಮನೆಯ ಮರದ ಸಾಮಾನೆಲ್ಲ, ಇನ್ನೇನು ಯಾರೋ ಕುಲುಮೆಯಿಂದ ತೆಗೆದು ಆರಲಿಕ್ಕೆ ಇಡುತ್ತಾರೆ ಅನ್ನುವ ಅಳತೆಯಲ್ಲಿತ್ತು.

"ಅದಕ್ಕೇ!" ಅಂದಳು ಅವಳು. "ನಮ್ಮಪ್ಪ ಆರಡಿ ಅಳತೆ ಹಾಕಿ ಹೊಲಿಸಿಕೊಟ್ಟ ಹಾಸಿಗೆ ಮಂಚಕ್ಕೆ ಒಂದೂವರೆ ಇಂಚು ಸಾಲದೇ ಬಂತು. ನಾನು ಅಪ್ಪನ್ನೇ ಬೈದೆ, ಕಣ್ಣು ಕಾಣಲ್ವಾ ಅಂತ. ಪಾಪ, ಅವರೂ ಒಪ್ಪಿಕೊಂಡ್ರು."

ಹೇಳಿದವಳೇ ನಗಲು ಶುರುಮಾಡಿದಳು. ಸೆರಗು ಬಾಯಿಗೆ ಒತ್ತಿಕೊಂಡು, ನೆಲಕ್ಕೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನನಗೆ ಮೊದಲು ಅವಮಾನವಾಯಿತು. ಪ್ಯಾಟರ್ನಿನವರ ಮರ್ಯಾದೆ, ಕೂದಲೆಳೆ ಇತ್ಯಾದಿ. ಆದರೆ ಆ ನಗುವಿನ ಎದುರು ಮುಖ ಗಂಟುಹಾಕಿಕೊಂಡು ಎಷ್ಟು ಹೊತ್ತು ಇರುತ್ತೀರಿ? ನಾನೂ ನಕ್ಕೆ. ನಡುಮನೆಯಲ್ಲಿ ಇಬ್ಬರೂ ಕೂತು ಹುಚ್ಚರ ಹಾಗೆ ನಗುವಾಗ ಎಂಟರ ಬಸ್ಸು ಹೋಗಿಯೇಬಿಟ್ಟಿತ್ತು.

"ಇದೇನು ಮಾಡ್ತಿದ್ದೀರಿ ಅಂತ ಈಗಲಾದ್ರೂ ಹೇಳ್ತೀರಾ?" ಅಂದಳು. ಹಾಡಿನ ಯಂತ್ರ ಅಂದೆ. ಯಾಕೆ ಅಂತ ಹೇಳಲಿಲ್ಲ. ಅವಳು ಪೆಟ್ಟಿಗೆಯ ಮೂಲೆಗಳನ್ನು ಬೆರಳಿಂದ ಸವರಿ ನೋಡಿ, "ಕೆಲ್ಸ ಚೆನ್ನಾಗಿದೆ. ಅಳತೆ ನಂಗೆ ಬಿಡಿ," ಅಂದಳು.

ಕಿಂಡಿಗೆ ಒಳಗಿನಿಂದ ಪಟ್ಟಿ ಹೊಡೆದು ಚಿಕ್ಕದು ಮಾಡುವುದು ಸುಲಭವಾಯಿತು. ತಟ್ಟೆಯದು ಹಾಗಲ್ಲ. ಅದರ ಒಳ ಅಂಚೂ ದೊಡ್ಡದಾಗಿ, ರಬ್ಬರ್ ಚಕ್ರಕ್ಕೂ ಅದಕ್ಕೂ ನಡುವೆ ಉಗುರು ತೂರುವಷ್ಟು ಸಂದು. ಕಡಿದ ಮರವನ್ನು ಮತ್ತೆ ಬೆಳೆಸಲಿಕ್ಕಾಗುತ್ತದೆಯೇ? ಹೊಸದೇ ಮಾಡಬೇಕಾಯಿತು. ಅಳತೆಯನ್ನು ಅವಳೇ ಟೇಪು ಹಿಡಿದು ಗುರುತು ಹಾಕಿದಳು. ನಾನು ಲೇತಿನ ಮುಂದೆ ಕೂತು ತುಳಿಯತೊಡಗಿದಾಗ ಸ್ವಲ್ಪ ಹೊತ್ತು ನೋಡಿ, "ಏಳಿ ಮಾರಾಯ್ರೇ, ಹಿಂಗೆ ತುಳಿದ್ರೆ ದಾರಾನೇ ಕಿತ್ತುಹೋಗತ್ತೆ," ಅಂದಳು.

ಏಳು ವರ್ಷದ ವಯಸ್ಸಿನಿಂದ ಹೊಲಿಗೆ ಯಂತ್ರ ತುಳಿದ ಕಾಲು ಅವಳದು. ಅವಳು ತುಳಿದರೆ ಚಕ್ರ ಎಲ್ಲೂ ಮುಗ್ಗರಿಸುತ್ತಿರಲಿಲ್ಲ, ಒಂದೇ ವೇಗ, ಒಂದೇ ಸದ್ದು. ನಾನು ಎರಡು ಕೈಯಲ್ಲಿ ಉಳಿ ಹಿಡಿದು ನಿಂತೆ. ತೇಗ ರಿಬ್ಬನ್ನಿನ ಹಾಗೆ ಸುರುಳಿಸುರುಳಿಯಾಗಿ ಎದ್ದು ಬಂತು. ಅಷ್ಟು ಶುದ್ಧವಾದ ಅಂಚನ್ನು ನಾನು ಕಾರ್ಖಾನೆಯ ದೊಡ್ಡ ಲೇತಿನಲ್ಲೂ ತೆಗೆದಿರಲಿಲ್ಲ. ಇದು ಉತ್ಪ್ರೇಕ್ಷೆ ಅನ್ನಿಸಿದರೆ ಅನ್ನಿಸಲಿ.

ಹೀಗೆ ಭಾನುವಾರಗಳು ಕಳೆದವು. ಹೊಸ ತಟ್ಟೆಗಳಲ್ಲಿ ಮೊದಲನೆಯದು ಅರ್ಧಕ್ಕೆ ಸೀಳಿತು, ಎರಡನೆಯದು ನಡುವೆ ಉಬ್ಬಿತು. ಮೂರನೆಯದಕ್ಕೆ ತೆಳು ಹಲಗೆಗಳನ್ನು ಒಂದರ ಎಳೆ ಇನ್ನೊಂದಕ್ಕೆ ಅಡ್ಡಬರುವ ಹಾಗೆ ಅಂಟಿಸಿದೆವು, ಅದು ನಿಂತಿತು. ಅಂಟು ಆರುವ ತನಕ ಮಾಡುವುದೇನು? ಮಾತಾಡುವುದು. ಅವಳು ಅಂಗಡಿಗೆ ಬರುತ್ತಿದ್ದ ಗಿರಾಕಿಗಳ ಕತೆ ಹೇಳುತ್ತಿದ್ದಳು. ಹೊಳಲೂರಿನ ಒಬ್ಬ ಗೌಡರು ಪ್ರತಿ ವರ್ಷ ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದರಂತೆ. ಮಾವ ಏನೂ ಅನ್ನದೆ ನಾಲ್ಕು ಇಂಚು ಹೆಚ್ಚಿಗೆ ಇಟ್ಟು ಹೊಲಿಯುತ್ತಿದ್ದರಂತೆ. ಪ್ರತಿ ವರ್ಷವೂ ಗೌಡರು "ನೀನೊಬ್ಬನೇ ಕಣಯ್ಯ ಸರಿಯಾಗಿ ಹೊಲಿಯೋನು" ಅನ್ನುತ್ತಿದ್ದರಂತೆ. ಅವರ ಹಾಗೆಯೇ ಉಸಿರು ಹಿಡಿದು ನಿಂತು ತೋರಿಸುತ್ತಿದ್ದಳು. ನನಗೆ ಉಳಿ ಹಿಡಿಯಲಿಕ್ಕಾಗುತ್ತಿರಲಿಲ್ಲ. ನಾನೂ ಅವಳಿಗೆ ಎರಕ ಹೊಯ್ಯುವುದನ್ನು ವರ್ಣಿಸಿ ಹೇಳಿದೆ, ಮೊದಲ ವರ್ಷ ನಾನು ಮಾಡಿದ ಅಚ್ಚು ತಲೆಕೆಳಗಾಗಿ ಬಂದು ಮೇಸ್ತ್ರಿ ಬೈದಿದ್ದನ್ನು ಹೇಳಿದೆ. ಅದುವರೆಗೂ ಯಾರಿಗೂ ಹೇಳಿರಲಿಲ್ಲ.

ಒಂದು ಭಾನುವಾರ ಹನ್ನೊಂದರ ಹೊತ್ತಿಗೆ ಮಾವನೇ ಬಂದು ಬಾಗಿಲಲ್ಲಿ ನಿಂತರು. ಕೈಯಲ್ಲಿ ಮೂಸಂಬಿಯ ಚೀಲ, ಮುಖದಲ್ಲಿ ಗಾಬರಿ.

"ಮಗಳಿಗೆ ಹುಷಾರಿಲ್ವಾ? ಆರು ವಾರ ಆಯ್ತು, ಬರಲೇ ಇಲ್ಲ."

ಆರು ವಾರ! ನನಗೆ ಆಗಲೇ ಗೊತ್ತಾಗಿದ್ದು. ಅವಳು ಶೆಡ್ಡಿನಿಂದ ಓಡಿಬಂದಳು, ತಲೆಯ ತುಂಬ ಮರದ ಪುಡಿ, ಕೈಗೆ ಅಂಟು. ಮಾವ ಮಗಳನ್ನು ಮೇಲಿಂದ ಕೆಳಗೆ ನೋಡಿದರು, ನನ್ನನ್ನು ನೋಡಿದರು, ಮೂಸಂಬಿಯನ್ನು ಮೇಜಿನ ಮೇಲಿಟ್ಟು, "ಸದ್ಯ," ಅಂದರು. ಕಾಫಿ ಕುಡಿದು, ಹಾಸಿಗೆಯ ಲೆಕ್ಕದಲ್ಲಿ ಬರಬೇಕಾದ ಕ್ಷಮೆಯನ್ನು ಮಗಳಿಂದ ವಸೂಲಿ ಮಾಡಿಕೊಂಡು, ತಟ್ಟೆಯ ಮೇಲೆ ಹಾಸಲು ಹಸಿರು ಉಣ್ಣೆಬಟ್ಟೆಯ ತುಂಡೊಂದನ್ನು ಕಳಿಸುತ್ತೇನೆ ಅಂತ ಹೇಳಿ ಹೊರಟರು. ಮುಂದಿನ ವಾರ ಬಟ್ಟೆಯ ಜೊತೆ ಹತ್ತು ರೆಕಾರ್ಡುಗಳೂ ಬಂದವು.

ಮುಗಿಯುವ ಹೊತ್ತಿಗೆ ಎರಡು ತಿಂಗಳು ದಾಟಿತ್ತು. ವೇಗ ಸರಿಯಿದೆಯೋ ಅಂತ ನೋಡಲು ಸಾಹೇಬರು ಒಂದು ಉಪಾಯ ಹೇಳಿಕೊಟ್ಟಿದ್ದರು. ತಟ್ಟೆಯ ಅಂಚಿಗೆ ಒಂದು ಚೂರು ಕಾಗದ ಅಂಟಿಸು, ಒಂದು ನಿಮಿಷದಲ್ಲಿ ಎಷ್ಟು ಸುತ್ತು ಬರುತ್ತದೆ ಎಣಿಸು. ನಾನು ಗಡಿಯಾರ ಹಿಡಿದೆ, ಅವಳು ಎಣಿಸಿದಳು. ಎಪ್ಪತ್ತೆಂಟು! ಆ ರೆಕಾರ್ಡುಗಳಿಗೆ ಬೇಕಾದಷ್ಟೇ. ರೆಕಾರ್ಡು ಇಟ್ಟು, ಸೂಜಿ ಇಳಿಸಿದೆವು. ಮೊದಲು ಕರಕರ ಸದ್ದು, ಆಮೇಲೆ ನಮ್ಮ ನಡುಮನೆಯಲ್ಲಿ ಒಂದು ಹೆಂಗಸಿನ ದನಿ. ಪಕ್ಕದ ತಮಿಳಮ್ಮ ಅರ್ಧ ರುಬ್ಬಿದ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಸಾಲುಮನೆಯ ಅರ್ಧ ಜನ ನಮ್ಮ ಜಗಲಿಯಲ್ಲಿದ್ದರು. ನನ್ನ ಜೀವನದಲ್ಲಿ ಅಷ್ಟು ಖುಷಿಪಟ್ಟ ಸಂಜೆಗಳು ಕಡಿಮೆ. ಗೆದ್ದೆ ಅಂದುಕೊಂಡೆ.

ಅದರ ಮುಂದಿನ ಭಾನುವಾರ. ಎಂಟಕ್ಕೆ ಹತ್ತು ನಿಮಿಷ ಇತ್ತು. ನಾನು ಯಂತ್ರದ ಮುಂದೆ ಸ್ಟೂಲು ಹಾಕಿಕೊಂಡು ಯಾವ ರೆಕಾರ್ಡು ಇಡಲಿ ಅಂತ ಆರಿಸುತ್ತಾ ಕೂತಿದ್ದೆ. ಅವಳು ಸೀರೆ ಉಟ್ಟು, ಜಡೆಗೆ ಹೂವು ಮುಡಿದು, ಚೀಲ ಹಿಡಿದು ಹೊರಗೆ ಬಂದಳು.

"ಎಲ್ಲಿಗೆ?"

"ಶಿವಮೊಗ್ಗಕ್ಕೆ. ಸಂಜೆ ಬರ್ತೀನಿ. ಅನ್ನ, ಸಾರು ಮುಚ್ಚಿಟ್ಟಿದ್ದೀನಿ."

ನನ್ನ ಕೈಯಲ್ಲಿದ್ದ ರೆಕಾರ್ಡು ಹಾಗೆಯೇ ನಿಂತಿತು. "ಯಾಕೆ ಹೋಗ್ಬೇಕು? ಇಲ್ಲೇ ಇದೆಯಲ್ಲ!"

"ಏನು?"

"ಹಾಡು ಮಾರಾಯ್ತಿ, ಹಾಡು! ಇನ್ಯಾಕೆ ಮಾಡಿದ್ದು ಇದನ್ನ? ನೀನು ಪ್ರತಿ ವಾರ ಆ ಗ್ರಾಮಫೋನಿಗೋಸ್ಕರ ಓಡೋದು ತಪ್ಪಲಿ ಅಂತ."

ಅವಳು ನನ್ನನ್ನು ನೋಡಿದ ರೀತಿ ಇವತ್ತಿಗೂ ನೆನಪಿದೆ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಎರಡು ಮಾತು ಆಡಿ ಪಾರಾಗುತ್ತಿದ್ದೆ.

"ಗ್ರಾಮಫೋನಿಗೆ ನಾನ್ಯಾಕೆ ಹೋಗ್ಲಿ?" ಅಂದಳು. "ಅದರ ಪಾಡಿಗೆ ಅದು ಹಾಡ್ತಿರತ್ತೆ. ಅಪ್ಪ ಹೊಲೀತಾ ಮಾತಾಡ್ತಾರೆ, ನಾನು ಕಾಜಾ ಹಾಕ್ತಾ ಮಾತಾಡ್ತೀನಿ. ಅದಕ್ಕೆ ಹೋಗೋದು. ಇಲ್ಲಿ ನಿಮಗೆ ಆರು ದಿನ ಕಾರ್ಖಾನೆ, ಏಳನೇ ದಿನ ಶೆಡ್ಡು. ನಾನು ಯಾರ ಹತ್ರ ಮಾತಾಡ್ಲಿ ಹೇಳಿ?"

"ಮತ್ತೆ ಇಷ್ಟು ದಿನ ಹೋಗ್ಲಿಲ್ಲ?"

"ಇಷ್ಟು ದಿನ ಶೆಡ್ಡಲ್ಲಿ ನಾನೂ ಇದ್ನಲ್ಲ." ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ಈಗ ಕೆಲ್ಸ ಮುಗೀತಲ್ಲ."

ನನಗೆ ನಾಚಿಕೆಯಾಯಿತು. ಎಂಥ ನಾಚಿಕೆ ಅಂದರೆ, ಮೋಟರು ಪೆಟ್ಟಿಗೆಯೊಳಗೆ ಬಿದ್ದಾಗಿನದು ಅದರ ಮುಂದೆ ಏನೇನೂ ಅಲ್ಲ. ಅವಳು ಬಸ್ಸಿನಿಂದ ಇಳಿಯದೇ ಹೋದಾಳೆ ಅಂತ ವರ್ಷವಿಡೀ ಹೆದರಿದ್ದೆ. ಅವಳನ್ನು ಪ್ರತಿ ವಾರ ಆ ಬಸ್ಸು ಹತ್ತಿಸುತ್ತಿದ್ದವನು ನಾನೇ. ಕ್ಷಮಿಸು ಅನ್ನುವುದು ನಮ್ಮ ಕಾಲದ ಗಂಡಂದಿರ ಬಾಯಲ್ಲಿ ಬರುತ್ತಿರಲಿಲ್ಲ, ಹೋಗಬೇಡ ಅನ್ನಲು ಮುಖವಿರಲಿಲ್ಲ. ಎದುರಿಗಿದ್ದ ಯಂತ್ರವನ್ನೇ ನೋಡಿದೆ. ಒಂದು ತಪ್ಪಾದರೂ ಸಿಗಲಿ ದೇವರೇ, ಎಲ್ಲಾದರೂ ಒಂದು ಬಿರುಕು, ಒಂದು ಸೊಟ್ಟ. ಎಲ್ಲಾ ಸರಿಯಾಗಿತ್ತು. ಕೆಲಸ ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ನಾನು ಪಶ್ಚಾತ್ತಾಪಪಟ್ಟಿದ್ದು ಅದೊಂದೇ ಸಲ.

"ಮುಚ್ಚಳ ಇಲ್ಲ," ಅಂದೆ.

"ಏನು?"

"ಇದಕ್ಕೆ ಮುಚ್ಚಳ ಇಲ್ಲ. ಕಾರ್ಖಾನೆ ಧೂಳೆಲ್ಲ ತಟ್ಟೆ ಮೇಲೆ ಬೀಳತ್ತೆ."

ಅವಳು ಬಾಗಿಲಲ್ಲೇ ನಿಂತಳು. ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು.

"ಎಷ್ಟು ದಿನದ ಕೆಲ್ಸ?"

ಅಂಥ ಮುಚ್ಚಳವನ್ನು ನಾನು ಮಧ್ಯಾಹ್ನದ ಊಟದೊಳಗೆ ಮಾಡಿ ಮುಗಿಸಬಲ್ಲೆ. ಅದು ಅವಳಿಗೂ ಗೊತ್ತಿತ್ತು.

"ನಾನೊಬ್ನೇ ಮಾಡಿದ್ರೆ ಇವತ್ತೇ ಮುಗಿಯತ್ತೆ," ಅಂದೆ. "ನೀನೂ ಸೇರಿದ್ರೆ ಮಳೆಗಾಲದ ತನಕ ಆಗತ್ತೆ."

ಅವಳು ಚೀಲವನ್ನು ಗೂಟಕ್ಕೆ ತೂಗುಹಾಕಿದಳು.

"ಹಂಗಾದ್ರೆ ಈಗ್ಲೇ ಶುರು ಮಾಡ್ಬೇಡಿ," ಅಂದಳು. "ಮೊದ್ಲು ಇನ್ನೊಂದು ಕಾಫಿ ಕುಡಿಯೋಣ."